ಮೀಟರ್‌ನಲ್ಲಿ ಬರೀ 210 ಗಂಟೆ

"ಸರ್, ಬೋಟು ಹೊಸದರ ಹಾಗೇ ಇದೆ. ಎಂಜಿನ್ ಬರೀ 210 ಗಂಟೆ ಓಡಿದೆ."

ನನಗೆ ಬರುವ ಫೋನುಗಳು ಬಹುಪಾಲು ಹೀಗೇ ಶುರುವಾಗುತ್ತವೆ. ಗಂಟೆಯ ಲೆಕ್ಕ ಹೆಚ್ಚುಕಮ್ಮಿ ಆಗಬಹುದು, ಆ 'ಬರೀ' ಮಾತ್ರ ತಪ್ಪುವುದಿಲ್ಲ. ಹೇಳುವವರ ದನಿಯಲ್ಲಿ ಲಾಟರಿ ಹೊಡೆದ ಖುಷಿ. ಆ ಖುಷಿಗೆ ನೀರೆರಚುವ ಕೆಲಸ ನನ್ನದು.

ನಾನು ಮಲ್ಪೆಯವನು. ದುಬೈಯಲ್ಲಿ ಬೋಟ್ ಸರ್ವೇಯರ್. ಹಳೇ ಬೋಟು ಕೊಳ್ಳುವವರ ಪರವಾಗಿ ಅದನ್ನು ತಟ್ಟಿ, ಬಗ್ಗಿ, ಮೂಸಿ ನೋಡಿ ವರದಿ ಬರೆದುಕೊಡುತ್ತೇನೆ. ಇತ್ತೀಚೆಗೆ ನಮ್ಮ ಮಂಗಳೂರು, ಉಡುಪಿ, ಭಟ್ಕಳ, ಬೆಂಗಳೂರಿನವರೂ ಬರುತ್ತಿದ್ದಾರೆ. ಮೂರ್ನಾಲ್ಕು ಗೆಳೆಯರು ಪಾಲು ಹಾಕಿ ಕೊಳ್ಳುವುದೂ ಉಂಟು. ಎಲ್ಲರಿಗೂ ಬೇಕಾಗಿರುವುದು ಒಂದೇ ಬಗೆಯದು: 35ರಿಂದ 45 ಅಡಿಯ ಹಾರ್ಡ್‌ಟಾಪ್ ಸ್ಪೋರ್ಟ್ಸ್ ಕ್ರೂಸರ್. ಕೆಳಗೆ ಎರಡು ಮಲಗುವ ಕೋಣೆ, ಹಿಂದೆ ಎರಡು ಡೀಸೆಲ್ ಎಂಜಿನ್, ತಲೆ ಮೇಲೆ ಗಟ್ಟಿ ಛಾವಣಿ, ಅದರಲ್ಲಿ ಗುಂಡಿ ಒತ್ತಿದರೆ ಸರಿಯುವ ಸನ್‌ರೂಫ್.

ಅದರಲ್ಲಿ ತಪ್ಪೇನಿಲ್ಲ. ಇಲ್ಲಿನ ಜುಲೈ ಬಿಸಿಲಲ್ಲಿ ಬಟ್ಟೆ ಹೊದಿಕೆಯ ಬೋಟು ಹತ್ತಿದವರು ಎರಡನೇ ಸಲ ಹತ್ತುವುದಿಲ್ಲ. ಹಾರ್ಡ್‌ಟಾಪ್ ಇದ್ದರೆ ಎಸಿ ಹಾಕಿ ಕೂರಬಹುದು. ಬ್ರಿಟನ್ನಿನ ಸನ್‌ಸೀಕರ್, ಪ್ರಿನ್ಸೆಸ್, ಫೇರ್‌ಲೈನ್, ಅಮೆರಿಕದ ಸೀ ರೇ, ಇಲ್ಲಿನದೇ ಆದ ಗಲ್ಫ್ ಕ್ರಾಫ್ಟ್, ಇವುಗಳಲ್ಲಿ ಯಾವುದು ಒಳ್ಳೇದು ಎಂದು ಕೇಳುತ್ತಾರೆ. ನಾನು ಉತ್ತರ ಕೊಡುವುದಿಲ್ಲ. ಹತ್ತು ವರ್ಷ ಕಳೆದ ಮೇಲೆ ಕಂಪನಿ ಯಾವುದು ಅನ್ನುವುದಕ್ಕಿಂತ ಹತ್ತು ವರ್ಷ ಅದು ಯಾರ ಕೈಲಿತ್ತು ಅನ್ನುವುದೇ ನನಗೆ ಜಾಸ್ತಿ ಮುಖ್ಯ.

ಈಗ ಆ 210 ಗಂಟೆಗೆ ಬರೋಣ. ಕಾರು ಕಡಿಮೆ ಓಡಿದ್ದರೆ ಒಳ್ಳೇದು, ಬೋಟೂ ಹಾಗೇ ಅಲ್ವಾ ಎಂಬುದು ಜನರ ಲೆಕ್ಕ. ಅಲ್ಲ. ಕಾರು ಓಡದೆ ಇದ್ದಾಗ ನೆಲದ ಮೇಲೆ ನಿಂತಿರುತ್ತದೆ, ಬೋಟು ಉಪ್ಪುನೀರಲ್ಲಿ ನಿಂತಿರುತ್ತದೆ. 12 ವರ್ಷದ ಬೋಟು ಅಂದರೆ ಅದರ ಆಯುಸ್ಸು ಸುಮಾರು ಒಂದು ಲಕ್ಷದ ಐದು ಸಾವಿರ ಗಂಟೆ. ಅದರಲ್ಲಿ 210 ಗಂಟೆ ಓಡಿದೆ. ಉಳಿದದ್ದಷ್ಟೂ ಹೊತ್ತು ಅದು ಏನು ಮಾಡುತ್ತಿತ್ತು? ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಡೀಸೆಲ್ ಎಂಜಿನ್ ತಣ್ಣಗಿರಲು ಸಮುದ್ರದ ನೀರನ್ನೇ ಎಳೆದುಕೊಳ್ಳುತ್ತದೆ. ಎಳೆಯುವ ಪಂಪಿನೊಳಗೆ ರಬ್ಬರಿನ ಇಂಪೆಲ್ಲರ್ ಇದೆ, ಹೂವಿನ ಎಸಳಿನಂಥ ರೆಕ್ಕೆಗಳು. ಎಂಜಿನ್ ನಿಂತಾಗ ಅದರ ಒಂದೆರಡು ರೆಕ್ಕೆ ಮಡಚಿಕೊಂಡೇ ಇರುತ್ತವೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಮಡಿಕೆ ಬಿದ್ದ ಜಾಗದಲ್ಲಿ ಸೀಳುತ್ತವೆ. ತುಂಡಾದ ರಬ್ಬರು ಮುಂದೆ ಹೋಗಿ ಕೂಲರಿನ ಸಣ್ಣ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನೀರು ಅಲ್ಲಿಂದ ಎಕ್ಸಾಸ್ಟ್ ಎಲ್ಬೋಗೆ ಬರುತ್ತದೆ. ಬಿಸಿ ಹೊಗೆಯೂ ಉಪ್ಪುನೀರೂ ಕೂಡುವ ಜಾಗ ಅದು. ಓಡುವಾಗ ಹೇಗೋ ನಡೆಯುತ್ತದೆ, ನಿಂತಾಗ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗೆ ಬಿಳೀ ಪೇಂಟು ಹಾಗೇ ಹೊಳೆಯುತ್ತಿರುತ್ತದೆ. ತೂತಾದ ದಿನ ನೀರು ಹಿಂದಕ್ಕೆ ಹರಿದು ಟರ್ಬೋಗೆ, ಅಲ್ಲಿಂದ ಸಿಲಿಂಡರಿಗೆ.

ಅದರ ಮೇಲೆ ಇಲ್ಲಿನ ನೀರು ಬೇರೆ. ಸಾಮಾನ್ಯ ಸಮುದ್ರದಲ್ಲಿ ಕಿಲೋ ನೀರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ ಈ ಕೊಲ್ಲಿಯಲ್ಲಿ 40ರ ಆಸುಪಾಸು. ಆಳ ಕಡಿಮೆ, ಬಿಸಿಲು ಜಾಸ್ತಿ, ಆವಿಯಾಗುವುದು ಜಾಸ್ತಿ. ಬೇಸಿಗೆಯಲ್ಲಿ ನೀರಿನ ಉಷ್ಣತೆ 32 ಡಿಗ್ರಿ ದಾಟುತ್ತದೆ. ಬೋಟಿನ ತಳಕ್ಕೆ ಅಂಟಿಕೊಳ್ಳುವ ಚಿಪ್ಪು ಬೆಳೆಯಲು ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ಇದನ್ನೆಲ್ಲ ಮಲ್ಪೆಯಲ್ಲಿ ಮೀನುಬೋಟು ನಡೆಸುವ ತಂಡೇಲನಿಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ. ದಕ್ಕೆಯಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಹಾಗಂತ ಆಗಸ್ಟ್ ಒಂದಕ್ಕೆ ಕೀ ತಿರುಗಿಸಿ ಸಮುದ್ರಕ್ಕೆ ಇಳಿದವನನ್ನು ನಾನು ಕಂಡಿಲ್ಲ. ಮಳೆಗಾಲದಲ್ಲೇ ಬೋಟು ಮೇಲೆ ಹಾಕುತ್ತಾರೆ, ತಳ ಕೆರೆಯುತ್ತಾರೆ, ಫ್ಯಾನ್ (ಪ್ರೊಪೆಲ್ಲರ್) ಬಿಚ್ಚಿ ನೋಡುತ್ತಾರೆ, ಎಂಜಿನ್ ರಿಪೇರಿ ಮುಗಿಸುತ್ತಾರೆ. ಬರೀ ಎರಡು ತಿಂಗಳ ಬಿಡುವಿಗೆ ಇಷ್ಟು. ಇಲ್ಲಿ ಮರೀನಾದಲ್ಲಿ ಹತ್ತು ತಿಂಗಳು ಕದಲದ ಬೋಟನ್ನು 'ಹೊಸದರ ಹಾಗೇ ಇದೆ' ಅನ್ನುತ್ತಾರೆ. ನನ್ನ ಅಪ್ಪ ಕೇಳಿದ್ದರೆ "ಎಂಥ ಮಾರಾಯ್ರೆ ನೀವು" ಎಂದು ನಗುತ್ತಿದ್ದರು.

ಎಂಜಿನ್ ಪುಸ್ತಕದಲ್ಲಿ ಸರ್ವಿಸ್ ಲೆಕ್ಕ ಬರೆದಿರುತ್ತದೆ: ಇಷ್ಟು ಗಂಟೆ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಈ 'ಯಾವುದು ಮೊದಲೋ' ಅನ್ನುವ ತುಂಡನ್ನು ಯಾರೂ ಓದುವುದಿಲ್ಲ. "ಓಡಿಸೇ ಇಲ್ಲ, ಸುಮ್ನೆ ಯಾಕೆ ಆಯಿಲ್ ಬದಲಿಸೋದು?" ಅನ್ನುತ್ತಾರೆ. ಕಡಿಮೆ ಓಡಿದ ಬೋಟೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ, ಗಮನಿಸಿ. ವರ್ಷವರ್ಷವೂ ಕ್ಯಾಲೆಂಡರ್ ನೋಡಿ ಸರ್ವಿಸ್ ಮಾಡಿಸಿದ ಬಿಲ್ಲುಗಳಿದ್ದರೆ ಅದು ಚಿನ್ನದಂಥ ಬೋಟು. ಅಂಥದ್ದು ನನ್ನ ಕೈಗೆ ಸಿಗುವುದು ಅಪರೂಪ.

ಆ 210 ಗಂಟೆಯ ಬೋಟಿನ ಕಥೆ ಹೇಳಿಬಿಡುತ್ತೇನೆ. 42 ಅಡಿ, ಡೀಸೆಲ್ ಸ್ಟರ್ನ್‌ಡ್ರೈವ್ ಎರಡು, ಅಂದರೆ ಎಂಜಿನ್ ಬೋಟಿನೊಳಗೆ, ಪ್ರೊಪೆಲ್ಲರ್ ತಿರುಗಿಸುವ ಕಾಲು ಹಿಂದೆ ಹೊರಗೆ. ಕೊಳ್ಳುವವರು ಬೆಂಗಳೂರಿನ ದಂಪತಿ. ಬ್ರೋಕರ್ ಹತ್ತು ಗಂಟೆಗೆ ಬನ್ನಿ ಅಂದಿದ್ದ, ನಾನು ಒಂಬತ್ತೂವರೆಗೇ ಹೋದೆ. ಹೋದವನೇ ಎಂಜಿನ್ ಕೋಣೆಯ ಮುಚ್ಚಳ, ಹ್ಯಾಚ್, ಎತ್ತಿ ಎಂಜಿನ್ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ನಾವು ಬರುವ ಮುಂಚೆಯೇ ಓಡಿಸಿ ಬಿಸಿ ಮಾಡಿಟ್ಟಿದ್ದರು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಯಾವ ಬಣ್ಣದ ಹೊಗೆ ಬಿಡುತ್ತದೆ ಅನ್ನುವುದರಲ್ಲಿ ಅರ್ಧ ಜಾತಕ ಇರುತ್ತದೆ. ಅದನ್ನು ನೋಡಲು ಬಿಡಲಿಲ್ಲ. ಬ್ರೋಕರ್ ನನ್ನ ಕೈ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರೂ ಏನೂ ಹೇಳಲಿಲ್ಲ.

ಪಕ್ಕದಲ್ಲೇ ಜನರೇಟರ್ ಇತ್ತು. ಅದರ ಮೀಟರ್ ಯಾರೂ ನೋಡುವುದಿಲ್ಲ, ನಾನು ಮೊದಲು ಅದನ್ನೇ ನೋಡುವುದು. 1,900 ಗಂಟೆ! ಅಂದರೆ ಈ ಬೋಟು ಹತ್ತಿರದಲ್ಲೇ ಲಂಗರು ಹಾಕಿ, ಎಸಿ ಹಚ್ಚಿ, ಪಾರ್ಟಿ ಮಾಡುವ ಕೋಣೆಯಾಗಿತ್ತು. ಎಂಜಿನ್‌ಗಳಿಗೆ ಹೋಗಿಬರುವ ಹತ್ತು ನಿಮಿಷದ ಕೆಲಸ. ಸರಿಯಾಗಿ ಬಿಸಿಯಾಗುವ ಮುಂಚೆಯೇ ಆಫ್. ಅಷ್ಟು ಹೊತ್ತಿಗೆ ಆಯಿಲ್‌ನಲ್ಲಿ ಸೇರಿದ ತೇವ ಆರುವುದಿಲ್ಲ. ಡೀಸೆಲ್ ಫಿಲ್ಟರಿನ ತಳದ ನಲ್ಲಿ ತಿರುಗಿಸಿ ಗಾಜಿನ ಬಾಟಲಿಗೆ ಹಿಡಿದೆ. ಕೆಳಗೆ ಎರಡು ಬೆರಳು ನೀರು, ಮೇಲೆ ಡೀಸೆಲ್, ಎರಡರ ಮಧ್ಯೆ ಕಪ್ಪಗೆ ಲೋಳೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಕೆಲಸ ಅದು. ಬಾಟಲಿಯನ್ನು ಆ ಸಾಹೇಬರಿಗೆ ತೋರಿಸಿದೆ. "ಫಿಲ್ಟರ್ ಬದಲಿಸಿದರೆ ಆಯ್ತಲ್ಲ ಸರ್?" ಎಂದರು. ಬಿಳೀ ಚರ್ಮದ ಸೋಫಾ ಅವರ ಮನಸ್ಸಿನಲ್ಲಿ ಆಗಲೇ ಕೂತಿತ್ತು.

ಬೋಟು ಓಡಿಸಿ ನೋಡಲು ಸಮುದ್ರಕ್ಕೆ ಹೋದೆವು. ಪೂರ್ತಿ ಥ್ರಾಟಲ್ ಕೊಟ್ಟರೆ ಆ ಎಂಜಿನ್ 3500 ಆರ್‌ಪಿಎಂ ಮುಟ್ಟಬೇಕು. 3050ಕ್ಕೆ ಬಂದು ನಿಂತಿತು. ಹಿಂದೆ ಕಪ್ಪು ಹೊಗೆ. ನಾಲ್ಕನೇ ನಿಮಿಷಕ್ಕೆ ಬಲಗಡೆ ಎಂಜಿನ್ನಿನ ಬಿಸಿ ಏರತೊಡಗಿತು. ನೀವು ಬೇರೇನೂ ಮಾಡದಿದ್ದರೂ ಇದೊಂದು ಮಾಡಿ: ಟ್ಯಾಂಕಿನಲ್ಲಿ ಡೀಸೆಲ್, ನೀರು ತುಂಬಿಸಿ, ಜನ ಕೂರಿಸಿ, ಪೂರ್ತಿ ಥ್ರಾಟಲ್ ಹಾಕಿಸಿ ಕೆಲವು ನಿಮಿಷ ಹಿಡಿಸಿ. ಹೇಳಿದ ಆರ್‌ಪಿಎಂ ಬರದಿದ್ದರೆ ತಳದಲ್ಲಿ ಚಿಪ್ಪಿರಬಹುದು, ಪ್ರೊಪೆಲ್ಲರ್ ತಪ್ಪಿರಬಹುದು, ಎಂಜಿನ್ನೇ ಸೋತಿರಬಹುದು. ಯಾವುದು ಎಂದು ಆಮೇಲೆ ಹುಡುಕಬಹುದು. "ಬೋಟಿಗೆ ಯಾಕೆ ಸುಮ್ನೆ ಹಿಂಸೆ" ಎಂದು ಬ್ರೋಕರ್ ಅಂದರೆ ಹೂಂ ಅನ್ನಬೇಡಿ.

ಬೋಟನ್ನು ಕ್ರೇನಿನಲ್ಲಿ ಮೇಲೆತ್ತಿಸಿದೆವು. ಸ್ಟರ್ನ್‌ಡ್ರೈವ್ ಕಾಲು ಬೋಟಿನ ಹಿಂಭಾಗದಿಂದ ಹೊರಬರುವ ಜಾಗದಲ್ಲಿ ಅಕಾರ್ಡಿಯನ್ ಥರದ ರಬ್ಬರ್ ಬೆಲ್ಲೋಸ್ ಇರುತ್ತದೆ. ಸಮುದ್ರಕ್ಕೂ ಬೋಟಿನ ಒಳಗಿಗೂ ನಡುವೆ ಅಲ್ಲಿರುವುದು ಆ ರಬ್ಬರಷ್ಟೇ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಮಡಿಕೆ ಬಿಡಿಸಿ ಉಗುರು ಒತ್ತಿದೆ, ಉಗುರು ಒಳಗೇ ಹೋಯಿತು. ಮೆಕ್ಯಾನಿಕ್ ಎಕ್ಸಾಸ್ಟ್ ಎಲ್ಬೋ ಬಿಚ್ಚಿದಾಗ ತುಕ್ಕು ಹಪ್ಪಳದ ಹಾಗೆ ಚೂರುಚೂರಾಗಿ ಕೈಗೆ ಬಂತು. ಡ್ರೈವಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದುಹೋಗಿತ್ತು. ಎಸಿಗೆಂದು ಮರೀನಾದ ಕರೆಂಟಿಗೆ ವರ್ಷವಿಡೀ ಸಿಕ್ಕಿಸಿಟ್ಟರೆ ಅರ್ತಿಂಗ್ ತಂತಿಯ ಮೂಲಕ ಪಕ್ಕದ ಬೋಟುಗಳ ಜೊತೆ ಸೇರಿ ನಮ್ಮದೂ ಒಂದು ಬ್ಯಾಟರಿಯಾಗುತ್ತದೆ. ಮೊದಲು ಸವೆಯುವುದು ಅದಕ್ಕೆಂದೇ ಕಟ್ಟಿದ ಆನೋಡ್ ತುಂಡು. ಅದು ಮುಗಿದ ಮೇಲೆ ಡ್ರೈವು.

ಇಷ್ಟಾದರೂ ಸಾಹೇಬರು ಗಟ್ಟಿಯಾಗಿ ಕೂತಿದ್ದರು. ಮನಸ್ಸು ಬದಲಿಸಿದ್ದು ಅವರ ಹೆಂಡತಿ. ಸಮುದ್ರದಿಂದ ನಿಧಾನವಾಗಿ ವಾಪಸ್ ಬರುವಾಗ ಸನ್‌ರೂಫ್, ಕಿಟಕಿ ಎಲ್ಲ ಮುಚ್ಚಿ ಹಿಂದಿನ ಬಾಗಿಲು ಮಾತ್ರ ತೆಗೆದಿತ್ತು. "ಹೊಗೆ ಹಿಂದಕ್ಕೆ ಹೋಗಬೇಕಲ್ವಾ, ಒಳಗ್ಯಾಕೆ ವಾಸನೆ ಬರ್ತಿದೆ?" ಎಂದು ಅವರು ಆಗಲೇ ಕೇಳಿದ್ದರು. ನನ್ನ ಗಿರಾಕಿಗಳಲ್ಲಿ ಇದನ್ನು ಕೇಳಿದವರು ತೀರಾ ಕಡಿಮೆ. ಹಾರ್ಡ್‌ಟಾಪ್ ಅಂದರೆ ನೀರಿನ ಮೇಲೆ ಓಡುವ ಡಬ್ಬಿ. ಡಬ್ಬಿ ಮುಂದೆ ಹೋದಾಗ ಅದರ ಬೆನ್ನಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ, ನಮ್ಮದೇ ಹೊಗೆಯನ್ನು ತೆರೆದ ಬಾಗಿಲಿನಿಂದ ಒಳಕ್ಕೆ ಎಳೆಯುತ್ತದೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಡೀಸೆಲ್‌ನಲ್ಲಿ ಪ್ರಮಾಣ ಕಡಿಮೆ, ಪೆಟ್ರೋಲ್ ಎಂಜಿನ್ನಾದರೆ ಜೀವಕ್ಕೇ ಕುತ್ತು. ಮುಂದಿನ ಕಿಟಕಿಯನ್ನೋ ಹ್ಯಾಚನ್ನೋ ತೆಗೆದು ಗಾಳಿ ಮುಂದಿನಿಂದ ಹಿಂದಕ್ಕೆ ಹರಿಯುವಂತೆ ಮಾಡಿ. ಈ ಅನಿಲ ಪತ್ತೆ ಹಚ್ಚುವ ಅಲಾರಂ ಹಾಕಿಸಿ, ಮಕ್ಕಳು ಮಲಗುವ ಕೆಳಗಿನ ಕೋಣೆಗೂ. ಇದನ್ನು ಅವರಿಗೆ ವಿವರಿಸಿದ್ದೆ. ಬೆಲ್ಲೋಸ್ ನೋಡಿದ ಮೇಲೆ ಅವರು ಒಂದೇ ಮಾತು ಹೇಳಿದರು: "ರೀ, ಬೇರೆ ನೋಡೋಣ."

ಛಾವಣಿಯ ಬಗ್ಗೆ ಇನ್ನೊಂದೇ ಮಾತು. ಇಲ್ಲಿ ಮಳೆ ಅಪರೂಪ, ಹಾಗಾಗಿ ಸನ್‌ರೂಫ್ ಸೋರುತ್ತದೋ ಇಲ್ಲವೋ ಎಂದು ಓನರ್‌ಗೇ ಗೊತ್ತಿರುವುದಿಲ್ಲ. ಬಿಸಿಲಿಗೆ ಸೀಲಿನ ರಬ್ಬರು ಪುಡಿಯಾಗಿರುತ್ತದೆ, ನೀರು ಹರಿಯುವ ಸಣ್ಣ ತೂತುಗಳಲ್ಲಿ ಮರಳು ಕೂತಿರುತ್ತದೆ. 2024ರ ಏಪ್ರಿಲ್ 16ರ ದಾಖಲೆ ಮಳೆಯ ಮಾರನೇ ದಿನ ನನ್ನ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ಅಂದಿನಿಂದ ನಾನು ಎರಡು ಬಕೆಟ್ ನೀರು ಛಾವಣಿ ಮೇಲೆ ಸುರಿದು, ಕೆಳಗೆ ಕೂತು ಟೀ ಕುಡಿಯುತ್ತೇನೆ. ಟೀ ಮುಗಿಯುವುದರೊಳಗೆ ಗೊತ್ತಾಗುತ್ತದೆ.

ಕೊನೆಗೆ ಅವರು ಕೊಂಡದ್ದು ಅದೇ ವಯಸ್ಸಿನ, 1,140 ಗಂಟೆ ಓಡಿದ ಬೋಟು. ಮೀನು ಹಿಡಿಯುವ ಹುಚ್ಚಿನ ಒಬ್ಬ ಯಜಮಾನರದು. ಸೀಟುಗಳು ಮಾಸಿದ್ದವು, ಟೇಬಲ್ಲಿನ ಮೇಲೆ ಚಾಕುವಿನ ಗೆರೆಗಳು, ಎಷ್ಟು ತೊಳೆದರೂ ಹೋಗದ ಮೀನಿನ ವಾಸನೆ. ನನಗೆ ಊರಿನ ನೆನಪಾಯಿತು. ಆದರೆ ಒಂದು ನೋಟ್‌ಬುಕ್ ಇತ್ತು: ಇಂಪೆಲ್ಲರ್, ಆನೋಡ್, ಬೆಲ್ಲೋಸ್, ಯಾವುದು ಯಾವತ್ತು ಬದಲಾಯಿತು ಎಂದು ಪೆನ್ನಿನಲ್ಲಿ ಬರೆದದ್ದು. ಎಂಜಿನ್ ತಣ್ಣಗಿತ್ತು. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು, ಪೂರ್ತಿ ಥ್ರಾಟಲ್‌ನಲ್ಲಿ ಹೇಳಿದಷ್ಟು ಆರ್‌ಪಿಎಂ ಮುಟ್ಟಿತು. ಆಯಿಲ್ ಸ್ಯಾಂಪಲ್ ಲ್ಯಾಬಿನಿಂದ ಸರಿಯಾಗಿ ಬಂತು. ಸಾಹೇಬರಿಗೆ ಆ 1,140 ನುಂಗಲಾರದ ತುತ್ತು. ಸರಿಯಾಗಿ ನೋಡಿಕೊಂಡ ಡೀಸೆಲ್ಲಿಗೆ ಅದೇನು ದೊಡ್ಡ ವಯಸ್ಸಲ್ಲ ಎಂದು ಮೂರು ಸಲ ಹೇಳಿದೆ. ಗ್ಯಾರಂಟಿ ಕೊಡುತ್ತೀರಾ ಎಂದರು. ಯಾವ ಸರ್ವೇಯರೂ ಗ್ಯಾರಂಟಿ ಕೊಡುವುದಿಲ್ಲ. ನಾನು ಹೇಳುವುದು ಆ ದಿನ ನನಗೆ ಕಂಡದ್ದಷ್ಟೇ.

ಮೊನ್ನೆ ಇನ್ಶೂರೆನ್ಸ್ ಕಾಗದಕ್ಕೆಂದು ಅದೇ ಬೋಟಿಗೆ ಹೋಗಿದ್ದೆ. ಕೊಂಡು ಹದಿಮೂರು ತಿಂಗಳಾಗಿತ್ತು. ಸೀಟುಗಳಿಗೆ ಹೊಸ ಬಿಳೀ ಚರ್ಮ ಬಂದಿತ್ತು, ಮೀನಿನ ವಾಸನೆ ಹೋಗಿತ್ತು. ಮೀಟರ್ ನೋಡಿದೆ: 1,161. ನೋಟ್‌ಬುಕ್ಕಿನ ಕೊನೆಯ ಸಾಲು ಹಳೇ ಯಜಮಾನರ ಕೈಬರಹದಲ್ಲೇ ಇತ್ತು.

"ಇಂಪೆಲ್ಲರ್ ಬದಲಿಸಿದಿರಾ?" ಎಂದೆ.

"ಅಯ್ಯೋ, ಅಷ್ಟೊಂದು ಓಡಿಸೇ ಇಲ್ವಲ್ಲ ಸರ್," ಎಂದರು.