ಇಂಪಾಸಿಬಲ್ ಸ್ಪೇಡ್: ಇಲ್ಲವೆಂದ ಸೂಟನ್ನೇ ಕೂಗಿದರೆ ಏನರ್ಥ?

ಬ್ರಿಜ್ ಇಸ್ಪೀಟಾಟ. ಎಲೆ ಇಳಿಸುವ ಮುಂಚಿನ ಹರಾಜಿನಲ್ಲಿ, ಅಂದರೆ ಬಿಡ್ಡಿಂಗಿನಲ್ಲಿ, ನೀವು 1 ಹಾರ್ಟ್ ಕೂಗಿದಿರಿ. ಪಾರ್ಟ್ನರ್ 1 ನೋಟ್ರಂಪ್ (ತುರುಪಿಲ್ಲದ ಆಟ) ಎಂದರು. ನೀವು 2 ಕ್ಲಬ್ ಎಂದಿರಿ, ಅವರು ಬಿಡ್ಡಿಂಗ್ ಬಾಕ್ಸಿನಿಂದ 2 ಸ್ಪೇಡ್ ತೆಗೆದು ಮೇಜಿನ ಮೇಲಿಟ್ಟರು. ಎದುರಾಳಿಗಳದ್ದು ಉದ್ದಕ್ಕೂ ಪಾಸ್. ಈ ಕೊನೆಯ 2 ಸ್ಪೇಡ್‌ಗೆ ಬ್ರಿಜ್ ಆಡುವವರು ಇಟ್ಟ ಹೆಸರು ‘ಇಂಪಾಸಿಬಲ್ ಸ್ಪೇಡ್’, ಅಂದರೆ ಇರಲು ಸಾಧ್ಯವೇ ಇಲ್ಲದ ಸ್ಪೇಡ್.

ಯಾಕೆ ಸಾಧ್ಯವಿಲ್ಲ? ಬಿಡ್ಡಿಂಗಿನ ಮೆಟ್ಟಿಲುಗಳು ಕೆಳಗಿನಿಂದ ಮೇಲಕ್ಕೆ ಕ್ಲಬ್, ಡೈಮಂಡ್, ಹಾರ್ಟ್, ಸ್ಪೇಡ್, ನೋಟ್ರಂಪ್. (ಮನೆಯ ಇಸ್ಪೀಟಿನಲ್ಲಿ ಕಳಾವರ್, ಆಟೀನು ಎನ್ನುತ್ತೇವೆ. ಬ್ರಿಜ್ ಮೇಜಿನಲ್ಲಿ ಇಂಗ್ಲಿಷ್ ಹೆಸರುಗಳೇ ಓಡುವುದರಿಂದ ಇಲ್ಲೂ ಅವನ್ನೇ ಬಳಸಿದ್ದೇನೆ.) 1 ಹಾರ್ಟ್ ಆದ ಮೇಲೆ ಸಿಗುವ ಮೊದಲ ಮೆಟ್ಟಿಲೇ 1 ಸ್ಪೇಡ್. ಕೈಯಲ್ಲಿ 4 ಸ್ಪೇಡ್ ಎಲೆಗಳೂ ದೊಡ್ಡ ಎಲೆಗಳ 6 ಪಾಯಿಂಟೂ ಇದ್ದವರು ಅಲ್ಲಿ ನಿಲ್ಲಲೇಬೇಕು. ಅದನ್ನು ದಾಟಿ 1 ನೋಟ್ರಂಪ್‌ಗೆ ಹೋದವರ ಕೈಯಲ್ಲಿ ಸ್ಪೇಡ್ ಹೆಚ್ಚೆಂದರೆ 3. ಹೀಗಿರುವಾಗ ಎರಡನೇ ಸುತ್ತಿನಲ್ಲಿ ಅವರು ಕೂಗಿದ ಸ್ಪೇಡ್ ‘ನನಗೆ ಈ ಸೂಟ್ ಬೇಕು’ ಎಂಬ ಮಾತಾಗಿರಲಾರದು. ನಿಜವಾದ ಅರ್ಥ ಕಳಚಿಬಿದ್ದ ಬಿಡ್ ಇದು. ಖಾಲಿಯಾದ ಆ ಜಾಗಕ್ಕೆ ಆಟಗಾರರು ಬೇರೊಂದು ಅರ್ಥ ತುಂಬಿದ್ದಾರೆ: ‘ನೀವು ಈಗ ಹೇಳಿದ ಕ್ಲಬ್‌ಗೆ ನನ್ನಲ್ಲಿ ಒಳ್ಳೆಯ ಬೆಂಬಲವಿದೆ, ಪಾಯಿಂಟೂ ನನ್ನ ಮಿತಿಯ ಮೇಲ್ತುದಿಯಲ್ಲಿದೆ.’ ನೀವು 2 ಕ್ಲಬ್ ಬದಲು 2 ಡೈಮಂಡ್ ಹೇಳಿದ್ದರೆ ಅದೇ 2 ಸ್ಪೇಡ್ ಡೈಮಂಡಿನ ಒಳ್ಳೆಯ ಬೆಂಬಲವಾಗುತ್ತಿತ್ತು.

ಇದು ಹೆಚ್ಚು ಉಪಯೋಗಕ್ಕೆ ಬರುವುದು ‘ಟೂ ಓವರ್ ಒನ್’ ಪದ್ಧತಿಯಲ್ಲಿ. ಅಲ್ಲಿ 1 ಹಾರ್ಟ್‌ಗೆ 2 ಕ್ಲಬ್ ಎಂದು ಉತ್ತರಿಸಿದರೆ ಗೇಮ್ (ಬೋನಸ್ ಸಿಗುವ ಮಟ್ಟ) ತನಕ ಹೋಗಲೇಬೇಕು. ಅಷ್ಟು ಬಲವಿಲ್ಲದ ಬಹಳಷ್ಟು ಕೈಗಳು, ಸುಮಾರು 6ರಿಂದ 12 ಪಾಯಿಂಟಿನವರೆಗೆ, 1 ನೋಟ್ರಂಪ್ ಎಂಬ ಒಂದೇ ಬುಟ್ಟಿಗೆ ಬೀಳುತ್ತವೆ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1ರಂತೆ ಲೆಕ್ಕ ಹಾಕಿದರೆ ಇಡೀ ಕಟ್ಟಿನಲ್ಲಿರುವುದು 40 ಪಾಯಿಂಟ್. ಅದರಲ್ಲಿ 6ಕ್ಕೂ 12ಕ್ಕೂ ಇರುವ ವ್ಯತ್ಯಾಸ ದೊಡ್ಡದು. ಕ್ಲಬ್ ಬೆಂಬಲ ತೋರಿಸಲು 3 ಕ್ಲಬ್ ಒಂದೇ ದಾರಿಯಾಗಿದ್ದರೆ, 15 ಪಾಯಿಂಟ್ ಹಿಡಿದು ಕೂತ ಓಪನರ್ (ಮೊದಲು ಕೂಗಿದವರು) ಮುಂದಿನದನ್ನು ಊಹಿಸಬೇಕಾಗುತ್ತಿತ್ತು. ಇಂಪಾಸಿಬಲ್ ಸ್ಪೇಡ್ ಆ ಹೊರೆಯನ್ನು ಎರಡು ಪಾಲು ಮಾಡುತ್ತದೆ: ನೇರ 3 ಕ್ಲಬ್ ಎಂದರೆ ಸಾಧಾರಣ ಕೈ, 2 ಸ್ಪೇಡ್ ಎಂದರೆ 10ರಿಂದ 12.

ಕೈಗಳನ್ನೇ ನೋಡಿ. ಪಾರ್ಟ್ನರ್ ಬಳಿ ಸ್ಪೇಡಿನಲ್ಲಿ ಎಕ್ಕ, 7, 3. ಹಾರ್ಟಿನಲ್ಲಿ 6 ಒಂದೇ. ಡೈಮಂಡಿನಲ್ಲಿ ರಾಜ, 8, 4, 2. ಕ್ಲಬ್ಬಿನಲ್ಲಿ ರಾಜ, ಗುಲಾಮ, 9, 7, 5. ಒಟ್ಟು 11 ಪಾಯಿಂಟ್. ಇದು 2 ಸ್ಪೇಡ್‌ಗೆ ಹೇಳಿ ಮಾಡಿಸಿದ ಕೈ. ಇದರ ಬದಲು ಸ್ಪೇಡಿನಲ್ಲಿ 8, 4, ಹಾರ್ಟಿನಲ್ಲಿ 6, ಡೈಮಂಡಿನಲ್ಲಿ ರಾಜ, ಗುಲಾಮ, 5, 2, ಕ್ಲಬ್ಬಿನಲ್ಲಿ ರಾಜ, ಗುಲಾಮ, 9, 7, 5, 3 ಇದ್ದರೆ ಬರೀ 8 ಪಾಯಿಂಟ್. ಅದು 3 ಕ್ಲಬ್ ಎಂದು ಸುಮ್ಮನಾಗುವ ಕೈ.

ಎರಡೂ ಕೈಗಳಲ್ಲಿ ಕ್ಲಬ್ 5 ಅಥವಾ ಹೆಚ್ಚು ಇರುವುದನ್ನು ಗಮನಿಸಿ. ಟೂ ಓವರ್ ಒನ್‌ನಲ್ಲಿ 1 ನೋಟ್ರಂಪ್ ಆದ ಮೇಲೆ ಓಪನರ್ ಪಾಸ್ ಹೇಳುವಂತಿಲ್ಲ. ನಾಲ್ಕು ಸೂಟುಗಳಲ್ಲಿ 5-3-3-2 ಎಲೆ ಹಂಚಿಕೆಯವರು 3 ಎಲೆಯ ಕ್ಲಬ್ ಕೂಗಬೇಕಾಗುತ್ತದೆ. 4 ಸ್ಪೇಡ್, 5 ಹಾರ್ಟ್, 2 ಡೈಮಂಡ್, 2 ಕ್ಲಬ್ ಇದ್ದು ರಿವರ್ಸ್ (ಎರಡನೇ ಸಲ 2 ಸ್ಪೇಡ್) ಮಾಡುವಷ್ಟು ಬಲವಿಲ್ಲದವರು ಎರಡೇ ಎಲೆಯ ಮೇಲೆ 2 ಕ್ಲಬ್ ಹೇಳುವುದೂ ಉಂಟು. 4 ಎಲೆಯ ಬೆಂಬಲ ನಂಬಿ 2 ಸ್ಪೇಡ್ ಕೂಗಿದರೆ 3 ಕ್ಲಬ್ಬಿನಲ್ಲಿ ಒಟ್ಟು ತುರುಪು ಆರೋ ಏಳೋ ಆಗಿ ಆಟ ಮುಗ್ಗರಿಸುತ್ತದೆ.

ಈಗ ಓಪನರ್ ಕಡೆ ಬನ್ನಿ. ಸ್ಪೇಡಿನಲ್ಲಿ ರಾಜ, 4. ಹಾರ್ಟಿನಲ್ಲಿ ಎಕ್ಕ, ರಾಣಿ, 8, 5, 3. ಡೈಮಂಡಿನಲ್ಲಿ 7, 5. ಕ್ಲಬ್ಬಿನಲ್ಲಿ ಎಕ್ಕ, ರಾಣಿ, 8, 2. ಇದು 15 ಪಾಯಿಂಟ್. ಪಾರ್ಟ್ನರ್ 10ಕ್ಕೆ ಕಡಿಮೆಯಿಲ್ಲ ಎಂದಮೇಲೆ ಗೇಮ್ ಎಟುಕಿನಲ್ಲಿದೆ. 5 ಕ್ಲಬ್‌ಗೆ 11 ಟ್ರಿಕ್ (ಗೆದ್ದ ಸುತ್ತು) ಬೇಕು, 3 ನೋಟ್ರಂಪ್‌ಗೆ 9 ಸಾಕು, ಎರಡಕ್ಕೂ ಟ್ರಿಕ್ ಅಂಕ 100. ಹಾಗಾಗಿ ಮೊದಲು ಕೇಳಬೇಕಾದ್ದು ನೋಟ್ರಂಪ್ ಸಾಧ್ಯವೇ ಎಂದು. ಸ್ಪೇಡಿನಲ್ಲಿ ತಡೆ (ಎದುರಾಳಿಗಳ ಓಟ ನಿಲ್ಲಿಸುವ ಎಲೆ) ಇದೆ, ಡೈಮಂಡ್ ಬರಿದಾಗಿದೆ. ಹಲವು ಜೋಡಿಗಳ ಒಪ್ಪಂದದಂತೆ ಇಲ್ಲಿ 3 ಸ್ಪೇಡ್ ಕೂಗಿದರೆ ‘ಸ್ಪೇಡ್ ನಾನು ನೋಡಿಕೊಳ್ಳುತ್ತೇನೆ, ಡೈಮಂಡ್ ನಿಮ್ಮಲ್ಲಿದೆಯೇ?’ ಎಂದರ್ಥ. ಡೈಮಂಡ್ ರಾಜ ಹಿಡಿದ ಪಾರ್ಟ್ನರ್ 3 ನೋಟ್ರಂಪ್ ಹೇಳುತ್ತಾರೆ. ಕ್ಲಬ್ಬಿನ 5, ಸ್ಪೇಡಿನ 2, ಹಾರ್ಟ್ ಎಕ್ಕ ಸೇರಿ 8 ಟ್ರಿಕ್ ಕೈಯಲ್ಲೇ ಇವೆ. ನೋಟ್ರಂಪ್ ಮೊದಲು ಕೂಗಿದ್ದು ಪಾರ್ಟ್ನರ್, ಆದ್ದರಿಂದ ಆಡುವವರೂ ಅವರೇ. ಎಡಗಡೆಯಿಂದ ಡೈಮಂಡ್ ಬಂದರೆ ರಾಜ ಒಂಬತ್ತನೆಯ ಟ್ರಿಕ್ ಆಗುತ್ತಾನೆ. ಬರದಿದ್ದರೆ ಹಾರ್ಟಿನ ಎಕ್ಕ-ರಾಣಿಯ ಫಿನೆಸ್ (ರಾಜ ಎಡಗಡೆ ಇದ್ದಾನೆಂದು ನಂಬಿ ರಾಣಿ ಹಾಕುವುದು) ಇದೆ.

ಓಪನರ್ ಕೈ ಬಡವಾಗಿದ್ದು ಕ್ಲಬ್ ನಿಜವಾಗಿದ್ದರೆ 3 ಕ್ಲಬ್ ಎಂದು ನಿಲ್ಲಿಸಬಹುದು. ಸ್ಪೇಡ್ ತಡೆಯಿದ್ದು ಕ್ಲಬ್ ತೆಳುವಾಗಿದ್ದರೆ 2 ನೋಟ್ರಂಪ್.

ತಪ್ಪುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು, ಪಾಸ್. ಮೇಲಿನ ಕೈಗಳಲ್ಲೇ ಓಪನರ್ 2 ಸ್ಪೇಡ್‌ಗೆ ಪಾಸ್ ಹೇಳಿದರೆ ತಮ್ಮ ತುರುಪು 5, ಎದುರಾಳಿಗಳದ್ದು 8. ಗೇಮ್ ಆಗುವ ಕೈ ಪಾರ್ಟ್‌ಸ್ಕೋರಿನಲ್ಲೇ (ಗೇಮ್‌ಗಿಂತ ಕೆಳಗಿನ ಮಟ್ಟದಲ್ಲೇ) ಸೋಲುತ್ತದೆ. ಎರಡನೆಯದು ಇನ್ನೂ ಆಕರ್ಷಕ ಬಲೆ: ಓಪನರ್ ಬಳಿಯೇ 4 ಸ್ಪೇಡ್ ಇದ್ದಾಗ. ಸ್ಪೇಡಿನಲ್ಲಿ ರಾಣಿ, 9, 5, 2. ಹಾರ್ಟಿನಲ್ಲಿ ಎಕ್ಕ, ರಾಜ, 8, 6, 4. ಡೈಮಂಡಿನಲ್ಲಿ ಗುಲಾಮ, 3. ಕ್ಲಬ್ಬಿನಲ್ಲಿ ರಾಣಿ, 6. ಪಾರ್ಟ್ನರ್ ಸ್ಪೇಡ್ ಎಂದ ಕೂಡಲೇ ‘ಫಿಟ್ ಸಿಕ್ಕಿತು’ ಎಂದು ಮನಸ್ಸು ಹಿಗ್ಗುತ್ತದೆ, ಕೈ 4 ಸ್ಪೇಡ್ ಕಡೆ ಹೋಗುತ್ತದೆ. ಆದರೆ ಅವರಲ್ಲಿ 3ಕ್ಕಿಂತ ಹೆಚ್ಚು ಸ್ಪೇಡ್ ಇಲ್ಲ, ಒಂದೇ ಇದ್ದರೂ ಇರಬಹುದು. ಇಲ್ಲಿ ಸರಿಯಾದದ್ದು 2 ನೋಟ್ರಂಪ್.

ಮಾತಾಡಿಕೊಳ್ಳದ ಹೊಸ ಜೋಡಿಯಲ್ಲಿ ಇಂಥ ಬಿಡ್ ಬಂದರೆ ಏನು ಮಾಡುವುದು? ಆತ ಏನನ್ನು ಆಗಲೇ ನಿರಾಕರಿಸಿದ್ದಾನೆ, ಕೈಗೆ ಸುಲಭವಾಗಿ ಸಿಗುತ್ತಿದ್ದ ಯಾವ ಬಿಡ್ಡನ್ನು ಬಿಟ್ಟು ಇದನ್ನು ಆರಿಸಿದ್ದಾನೆ ಎಂದು ಕೇಳಿಕೊಳ್ಳಿ. ದುರ್ಬಲ ಕೈಗೆ ಪಾಸ್ ಇತ್ತು, 2 ಹಾರ್ಟ್ ಇತ್ತು, 3 ಕ್ಲಬ್ ಇತ್ತು. ಅವನ್ನೆಲ್ಲ ಬಿಟ್ಟು ಸುತ್ತುಬಳಸಿ ಬಂದವನ ಕೈ ಗಟ್ಟಿಯೇ ಇರಬೇಕು. ‘ಕಾರ್ಡ್ ತಪ್ಪಿ ತೆಗೆದಿರಬಹುದು’ ಎಂಬ ಊಹೆಯನ್ನು ಕೊನೆಗೂ ಇಟ್ಟುಕೊಳ್ಳಬೇಡಿ. ಉದ್ದೇಶವಿಲ್ಲದೆ ಬಂದ ಬಿಡ್ಡನ್ನು ಪಾರ್ಟ್ನರ್ ಕೂಗುವ ಮುನ್ನ ತಿದ್ದಿಕೊಳ್ಳಲು ಡೂಪ್ಲಿಕೇಟ್ ಬ್ರಿಜ್‌ನ 25ಎ ನಿಯಮವೇ ಅವಕಾಶ ಕೊಡುತ್ತದೆ. ಅವರು ತಿದ್ದಲಿಲ್ಲವೆಂದರೆ ಹೇಳಿದ್ದನ್ನೇ ಹೇಳಿದ್ದಾರೆ.

ಹೆಸರು ಒಂದೇ ರೀತಿ ಕೇಳಿಸಿದರೂ ಬೇರೆಯಾದ ಸಂದರ್ಭಗಳಿವೆ. 1 ಹಾರ್ಟ್, 1 ನೋಟ್ರಂಪ್ ಆದ ಮೇಲೆ ಓಪನರ್ ತಾನೇ 2 ಸ್ಪೇಡ್ ಎಂದರೆ ಅದು ರಿವರ್ಸ್: 4 ನಿಜವಾದ ಸ್ಪೇಡ್, ಸುಮಾರು 17 ಪಾಯಿಂಟ್ ಅಥವಾ ಹೆಚ್ಚು. ಎದುರಾಳಿ ನಡುವೆ 1 ಸ್ಪೇಡ್ ಕೂಗಿದ್ದರೆ ಪಾರ್ಟ್ನರ್‌ನ 1 ನೋಟ್ರಂಪ್ ಸ್ಪೇಡನ್ನು ನಿರಾಕರಿಸುವುದಿಲ್ಲ, ಬದಲಿಗೆ ಅಲ್ಲಿ ತಡೆ ಇದೆ ಎನ್ನುತ್ತದೆ. ಫ್ಲ್ಯಾನರಿ ಎಂಬ ಒಪ್ಪಂದ ಆಡುವವರು 4 ಸ್ಪೇಡ್, 5 ಹಾರ್ಟ್ ಇರುವ 11ರಿಂದ 15 ಪಾಯಿಂಟಿನ ಕೈಗಳನ್ನು 2 ಡೈಮಂಡಿನಿಂದ ತೆರೆಯುತ್ತಾರೆ. ಅವರ 1 ನೋಟ್ರಂಪ್ ಉತ್ತರದಲ್ಲಿ 4 ಸ್ಪೇಡ್ ಅಡಗಿರಬಹುದು, ಆದ್ದರಿಂದ 2 ಸ್ಪೇಡ್‌ನ ಅರ್ಥವನ್ನು ಬೇರೆಯಾಗಿಯೇ ಗೊತ್ತುಮಾಡಿಕೊಳ್ಳಬೇಕು. 1 ಸ್ಪೇಡ್, 1 ನೋಟ್ರಂಪ್ ಉತ್ತರಗಳ ಅರ್ಥ ಅದಲುಬದಲು ಮಾಡುವ ಕ್ಯಾಪ್ಲಾನ್ ಇನ್ವರ್ಷನ್‌ನಲ್ಲಂತೂ 1 ನೋಟ್ರಂಪ್ ಎಂದರೆ 5 ಸ್ಪೇಡ್ ಇದೆ ಎಂದೇ. ಅಲ್ಲಿ ಈ ಪದಕ್ಕೆ ಜಾಗವೇ ಇಲ್ಲ.

ಓಪನರ್ ಎರಡನೇ ಸಲವೂ 2 ಹಾರ್ಟ್ ಹೇಳಿದ ಮೇಲೆ ಬರುವ 2 ಸ್ಪೇಡ್‌ಗೆ ಜೋಡಿಗೊಂದು ಅರ್ಥ ಇದೆ. ಕೆಲವರಿಗೆ ಅದು ಹಾರ್ಟ್‌ಗೆ ಒಳ್ಳೆಯ ಬೆಂಬಲ, ಕೆಲವರಿಗೆ ಎರಡೂ ಮೈನರ್ (ಕ್ಲಬ್, ಡೈಮಂಡ್).

ಎದುರಾಳಿಗಳು ಅರ್ಥ ಕೇಳಿದಾಗ ಹೇಳಬೇಕಾದ್ದು ಜೋಡಿಯ ಒಪ್ಪಂದವನ್ನು. ನಿಮ್ಮ ಕೈ ನೋಡಿ ಮಾಡಿದ ಊಹೆಯನ್ನಲ್ಲ. ಒಪ್ಪಂದ ಇದ್ದರೆ ‘ಕ್ಲಬ್‌ಗೆ ಬಲವಾದ ಬೆಂಬಲ, 10ರಿಂದ 12, ಸ್ಪೇಡ್ ಉದ್ದವಿಲ್ಲ’ ಎಂದು ಪೂರ್ತಿ ಹೇಳಿ. ಬರೀ ‘ಇಂಪಾಸಿಬಲ್ ಸ್ಪೇಡ್’ ಎಂದು ಹೆಸರು ಹೇಳಿದರೆ ಸಾಲದು, ಅವರಿಗೆ ಆ ಹೆಸರು ಗೊತ್ತಿರಬೇಕೆಂದಿಲ್ಲ. ಮಾತಾಡಿಕೊಂಡಿಲ್ಲದಿದ್ದರೆ ‘ನಮ್ಮಲ್ಲಿ ಒಪ್ಪಂದವಿಲ್ಲ’ ಎಂದಷ್ಟೇ ಹೇಳಿ.