ಮಿಕ್ಕ ಶೀಸೆಗಳು ಮತ್ತು ಬೊಕ್ಕಸದ ಲೆಕ್ಕ

ಇಂದು ಹಸಿದವರೂ ರೋಗಿಗಳೂ ಕಣ್ಣೆದುರಿಗಿರುವಾಗ, ಎಂದೋ ಫಲ ಕೊಡಬಹುದಾದ ಸಂಶೋಧನೆಗೆ ಸಾರ್ವಜನಿಕ ಹಣವನ್ನು ಏಕೆ ಸುರಿಯಬೇಕು ಎಂದು ಕೇಳುವವರು ಬಹುಮಟ್ಟಿಗೆ ಕರುಣೆಯಿಂದಲೇ ಕೇಳುತ್ತಾರೆ. ಆದ್ದರಿಂದ ಆ ಪ್ರಶ್ನೆಯನ್ನು ತಳ್ಳಿಹಾಕುವುದು ಸಲ್ಲದು. ಆದರೆ ಸಂಶೋಧನೆಯನ್ನು ನಿಲ್ಲಿಸಿದರೆ ಬಡತನ ನೀಗುವಷ್ಟು ಹಣ ಉಳಿದೀತು ಎಂಬ ಎಣಿಕೆ ತಪ್ಪು. ಜಗತ್ತು ಸಂಶೋಧನೆ ಮತ್ತು ಅಭಿವೃದ್ಧಿಗೆ ವ್ಯಯಿಸುವುದು ತನ್ನ ಒಟ್ಟು ಉತ್ಪನ್ನದ ಶೇ. 2ರ ಆಸುಪಾಸು ಮಾತ್ರ, ಅದರಲ್ಲೂ ದೊಡ್ಡ ಪಾಲು ಖಾಸಗಿ ಕಂಪನಿಗಳದು. ಪರಿಹಾರ ಮತ್ತು ಸಂಶೋಧನೆಗಳ ಸಂಬಂಧ ನಿಜಕ್ಕೂ ಎಂಥದ್ದೆಂದು ತಿಳಿಯಲು ಪೋಲಿಯೊ ಚರಿತ್ರೆಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

1916ರಲ್ಲಿ ಅಮೆರಿಕದಲ್ಲಿ 27 ಸಾವಿರಕ್ಕೂ ಹೆಚ್ಚು ಮಂದಿಗೆ ಪೋಲಿಯೊ ತಗುಲಿ, ಸುಮಾರು 6 ಸಾವಿರ ಮಂದಿ ಸತ್ತರು. ನ್ಯೂಯಾರ್ಕ್ ನಗರದಲ್ಲಿ ಬೆಕ್ಕುಗಳೇ ರೋಗ ಹರಡುತ್ತವೆಂಬ ನಂಬಿಕೆ ಹಬ್ಬಿ, ಸಾವಿರಾರು ಬೆಕ್ಕುಗಳನ್ನು ಹಿಡಿದು ಕೊಂದರು. ಜನರಲ್ಲಿ ಕಾಳಜಿಗೆ ಕೊರತೆಯಿರಲಿಲ್ಲ, ತಿಳಿವಳಿಕೆ ಇರಲಿಲ್ಲ. ತಿಳಿವಳಿಕೆಯಿಲ್ಲದ ಕಡೆ ಮೂಢನಂಬಿಕೆ ಬಂದು ಕೂರುತ್ತದೆ, ಮತ್ತು ಅದರ ಖರ್ಚನ್ನೂ ಸಮಾಜವೇ ಭರಿಸುತ್ತದೆ.

1928ರಲ್ಲಿ ಬಾಸ್ಟನ್ನಿನಲ್ಲಿ 'ಕಬ್ಬಿಣದ ಶ್ವಾಸಕೋಶ' ಬಳಕೆಗೆ ಬಂತು. ಪೋಲಿಯೊದಿಂದ ಉಸಿರಾಟದ ಸ್ನಾಯುಗಳು ಸೋತ ರೋಗಿಯನ್ನು ಒಂದು ಲೋಹದ ಪೀಪಾಯಿಯೊಳಗೆ ಮಲಗಿಸುತ್ತಿದ್ದರು. ತಲೆ ಮಾತ್ರ ಹೊರಗೆ, ಕುತ್ತಿಗೆಯ ಸುತ್ತ ಗಾಳಿ ಸೋರದಂತೆ ರಬ್ಬರಿನ ಪಟ್ಟಿ. ಯಂತ್ರವು ಪೀಪಾಯಿಯೊಳಗಿನ ಗಾಳಿಯ ಒತ್ತಡವನ್ನು ಇಳಿಸಿದಾಗ, ಎಳೆದ ತಿದಿಯಂತೆ ಎದೆ ಹಿಗ್ಗಿ ಮೂಗಿನಿಂದ ಗಾಳಿ ಒಳಕ್ಕೆ ನುಗ್ಗುತ್ತಿತ್ತು. ಒತ್ತಡ ಮತ್ತೆ ಏರಿದಾಗ ಉಸಿರು ಹೊರಬರುತ್ತಿತ್ತು. ಅದರ ಬೆಲೆ 1930ರ ದಶಕದಲ್ಲಿ ಸುಮಾರು 1,500 ಡಾಲರ್, ಆ ಕಾಲಕ್ಕೆ ಒಂದು ಸಾಧಾರಣ ಮನೆಯ ಬೆಲೆ. ಆ ಯಂತ್ರದೊಳಗೆ ಉಸಿರಾಡುತ್ತಿದ್ದ ಮಗುವಿನ ತಾಯಿಗೆ "ಈ ಹಣ ಪ್ರಯೋಗಾಲಯಕ್ಕೆ ಹೋಗಬೇಕಿತ್ತು" ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ನನ್ನ ವಾದವೂ ಅದಲ್ಲ.

1938ರಲ್ಲಿ ಸ್ಥಾಪನೆಯಾದ ಅಮೆರಿಕದ ರಾಷ್ಟ್ರೀಯ ಪೋಲಿಯೊ ಪ್ರತಿಷ್ಠಾನವು ಜನ ಕೊಟ್ಟ ಚಿಲ್ಲರೆ ಕಾಸಿನಿಂದ ನಡೆಯುತ್ತಿತ್ತು. ತೆರಿಗೆಯಲ್ಲದಿದ್ದರೂ ಅದು ಸಾರ್ವಜನಿಕರ ಹಣವೇ. ಅದರ ಬಹುಪಾಲು ರೋಗಿಗಳ ಆರೈಕೆಗೆ ಹೋಗುತ್ತಿತ್ತು. ಆದರೆ ಒಂದು ಪಾಲನ್ನು ವೈರಸ್ ಸಂಶೋಧನೆಗೆಂದು ಎತ್ತಿಡುತ್ತಿದ್ದರು. ಬರಗಾಲದಲ್ಲೂ ಬಿತ್ತನೆಯ ಕಾಳಿಗೆ ಕೈಹಾಕದ ರೈತನ ವಿವೇಕ ಇದು.

ಆಗಿನ ತೊಡಕೆಂದರೆ, ಲಸಿಕೆ ತಯಾರಿಸಲು ವೈರಸ್ಸನ್ನು ರಾಶಿರಾಶಿಯಾಗಿ ಬೆಳೆಸಬೇಕಿತ್ತು, ಮತ್ತು ಪೋಲಿಯೊ ವೈರಸ್ ನರದ ಅಂಗಾಂಶದಲ್ಲಿ ಮಾತ್ರ ಬೆಳೆಯುತ್ತದೆಂದು ಎಲ್ಲರೂ ನಂಬಿದ್ದರು. ನರದ ಅಂಗಾಂಶ ಬೆರೆತ ಲಸಿಕೆ ಮಿದುಳಿನ ಉರಿಯೂತ ತರಬಲ್ಲದು. ಈ ನಂಬಿಕೆಗೆ ಬುನಾದಿಯಾದ 1936ರ ಪ್ರಯೋಗ ನಿಷ್ಠೆಯಿಂದಲೇ ನಡೆದಿತ್ತು. ಆದರೆ ಅದರಲ್ಲಿ ಬಳಸಿದ ವೈರಸ್ ತಳಿಯನ್ನು ವರ್ಷಗಟ್ಟಲೆ ಕೋತಿಗಳ ನರಮಂಡಲದಲ್ಲೇ ಸಾಕಿದ್ದರು. ಪಂಜರದಲ್ಲಿ ಕೈತುತ್ತು ತಿಂದು ಬೆಳೆದ ಗಿಳಿ ಕಾಡಿನಲ್ಲಿ ಆಹಾರ ಹುಡುಕಲಾರದು, ಅದನ್ನು ಕಂಡು ಗಿಳಿಗಳಿಗೆ ಕಾಡು ಒಗ್ಗದೆಂದು ತೀರ್ಮಾನಿಸಲಾಗದು. ಒಂದೇ ಬೀಗಕ್ಕೆ ಉಜ್ಜಿ ಉಜ್ಜಿ ಹೊಂದಿಸಿದ ಕೀಲಿಕೈ ಬೇರೆ ಬೀಗಕ್ಕೆ ಕೂರದಿದ್ದರೆ, ದೋಷ ಬೇರೆ ಬೀಗಗಳದ್ದಲ್ಲ. ಹನ್ನೆರಡು ವರ್ಷ ಪೋಲಿಯೊ ಸಂಶೋಧನೆ ಈ ತಪ್ಪು ತೀರ್ಮಾನದ ನೆರಳಿನಲ್ಲೇ ನಡೆಯಿತು.

1948ರಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಜಾನ್ ಎಂಡರ್ಸ್ ಅವರ ಪ್ರಯೋಗಾಲಯದ ಥಾಮಸ್ ವೆಲ್ಲರ್, ಸೀತಾಳೆ ಸಿಡುಬಿನ ವೈರಸ್ಸನ್ನು ಬೆಳೆಸಲು ಮನುಷ್ಯ ಭ್ರೂಣದ ಚರ್ಮ ಮತ್ತು ಸ್ನಾಯುವಿನ ತುಣುಕುಗಳನ್ನು ಶೀಸೆಗಳಲ್ಲಿ ಸಿದ್ಧಮಾಡಿದ್ದರು. ಕೆಲವು ಶೀಸೆಗಳು ಮಿಕ್ಕವು. ಪ್ರತಿಷ್ಠಾನದ ನೆರವಿನಿಂದ ಬಂದಿದ್ದ ಪೋಲಿಯೊ ವೈರಸ್ ಶೀತಕದಲ್ಲಿತ್ತು. ಅದನ್ನೇ ಆ ಶೀಸೆಗಳಿಗೆ ಹಾಕಿದರು. ಅಂಗಾಂಶವನ್ನು ಹಾಗೆಯೇ ಉಳಿಸಿಕೊಂಡು ಕೆಲವು ದಿನಕ್ಕೊಮ್ಮೆ ಪೋಷಕ ದ್ರವವನ್ನಷ್ಟೇ ಬದಲಿಸುತ್ತ ಹೋದರು. ನರವೇ ಇಲ್ಲದ ಅಂಗಾಂಶದಲ್ಲಿ ಪೋಲಿಯೊ ವೈರಸ್ ಬೆಳೆಯಿತು. ಶೀಸೆಗಳಿಗೆ ಬ್ಯಾಕ್ಟೀರಿಯಾ ನುಗ್ಗದಂತೆ ಕಾದದ್ದು ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್. ಅವು ಬೂಷ್ಟು ಮತ್ತು ಮಣ್ಣಿನ ಜೀವಾಣುಗಳ ಅಧ್ಯಯನದಿಂದ ದೊರೆತವು, ಪೋಲಿಯೊಗೂ ಅವಕ್ಕೂ ನೇರ ನಂಟಿಲ್ಲ.

ಮುಂದಿನ ಹೆಜ್ಜೆ ನನಗೆ ಇನ್ನೂ ಪ್ರಿಯವಾದದ್ದು. ಆರೋಗ್ಯವಂತ ಜೀವಕೋಶಗಳು ಪೋಷಕಾಂಶವನ್ನು ಬಳಸಿಕೊಂಡು ಆಮ್ಲವನ್ನು ಹೊರಬಿಡುತ್ತವೆ. ದ್ರವಕ್ಕೆ ಫೀನಾಲ್ ರೆಡ್ ಎಂಬ ಬಣ್ಣವನ್ನು ಬೆರೆಸಿದ್ದರೆ, ಆಮ್ಲ ಹೆಚ್ಚಿದಂತೆ ಕೆಂಪು ಹೋಗಿ ಹಳದಿಯಾಗುತ್ತದೆ. ವೈರಸ್ ಜೀವಕೋಶಗಳನ್ನು ಕೊಂದಿದ್ದರೆ ಆಮ್ಲವಿಲ್ಲ, ದ್ರವ ಕೆಂಪಾಗಿಯೇ ಉಳಿಯುತ್ತದೆ. ಒಲೆ ಹೊತ್ತಿದ ಮನೆಯಲ್ಲಿ ಹೊಗೆ ಕಾಣುತ್ತದೆ, ಹೊಗೆ ಕಾಣದಿದ್ದರೆ ಒಳಗೇನೋ ಆಗಿದೆಯೆಂದು ತಿಳಿಯುವ ಹಾಗೆ. ಅದುವರೆಗೆ ಕೋತಿಗೆ ಚುಚ್ಚಿ ವಾರಗಟ್ಟಲೆ ಕಾಯಬೇಕಿದ್ದ ಪರೀಕ್ಷೆಯನ್ನು ಈಗ ಗಾಜಿನ ನಳಿಕೆಯ ಬಣ್ಣ ನೋಡಿ ಮುಗಿಸಬಹುದಾಯಿತು. 1954ರಲ್ಲಿ ಎಂಡರ್ಸ್, ವೆಲ್ಲರ್ ಮತ್ತು ಅವರ ಸಹೋದ್ಯೋಗಿ ಫ್ರೆಡರಿಕ್ ರಾಬಿನ್ಸ್ ಈ ಕೆಲಸಕ್ಕಾಗಿ ನೊಬೆಲ್ ಪಡೆದರು. 1955ರಲ್ಲಿ ಜೋನಾಸ್ ಸಾಕ್ ಅವರ ಲಸಿಕೆ ಬಂತು. 1952ರಲ್ಲಿ ಅಮೆರಿಕದಲ್ಲಿ ಸುಮಾರು 58 ಸಾವಿರದಷ್ಟಿದ್ದ ಪ್ರಕರಣಗಳು 1962ರಲ್ಲಿ ಸಾವಿರಕ್ಕಿಂತ ಕೆಳಗಿಳಿದವು. ಕಬ್ಬಿಣದ ಶ್ವಾಸಕೋಶಗಳ ಸಾಲುಗಳು ಬರಿದಾದವು.

ಹಾಗಾದರೆ ಉಪಯುಕ್ತ ಸಂಶೋಧನೆಗೆ ಮಾತ್ರ ಹಣ ಕೊಡೋಣ ಎನ್ನುವ ಮಾತು ಎಷ್ಟು ಸಮಂಜಸವೆನಿಸಿದರೂ ನಡೆಯುವಂಥದ್ದಲ್ಲ. ಏಕೆಂದರೆ 1948ರ ಆರಂಭದಲ್ಲಿ ಯಾರಾದರೂ ಪಟ್ಟಿ ಮಾಡಿದ್ದರೆ ಸೀತಾಳೆ ಸಿಡುಬಿನ ಶೀಸೆಗಳು ಪೋಲಿಯೊ ಲೆಕ್ಕದಲ್ಲಿ ಬರುತ್ತಲೇ ಇರಲಿಲ್ಲ. ಬಹಳಷ್ಟು ಸಂಶೋಧನೆ ಏನನ್ನೂ ಕೊಡದೆ ಮುಗಿಯುತ್ತದೆ ಎಂಬುದೂ ನಿಜ, ಅದನ್ನು ಮುಚ್ಚಿಡಬಾರದು. ಆದ್ದರಿಂದಲೇ ಆ ಪಾಲು ದೊಡ್ಡದಿರುವುದಕ್ಕಿಂತ ಕಡಿಯದೆ ಹರಿಯುವುದು ಮುಖ್ಯವೆಂದು ನಾನು ಭಾವಿಸುತ್ತೇನೆ. ಪ್ರವಾಹ ಬಂದಾಗ ಪರಿಹಾರ ನಿಧಿಯನ್ನು ಮರುದಿನವೇ ಹೆಚ್ಚಿಸಬಹುದು, ಹೆಚ್ಚಿಸಲೇಬೇಕು. ಆದರೆ ಚದುರಿಹೋದ ಸಂಶೋಧಕರ ತಂಡವನ್ನು, ಕೈಬಿಟ್ಟ ಜೀವಕೋಶಗಳನ್ನು, ವರ್ಷಗಳ ಕೈಚಳಕವನ್ನು ಹಣ ಕೊಟ್ಟ ಮಾತ್ರಕ್ಕೆ ಮರಳಿ ತರಲಾಗದು. ಎರಡು ವರ್ಷ ನೀರು ನಿಲ್ಲಿಸಿ ಮೂರನೆಯ ವರ್ಷ ದುಪ್ಪಟ್ಟು ಹಾಯಿಸಿದರೆ ಒಣಗಿದ ಮರ ಚಿಗುರುವುದಿಲ್ಲ.

ವೆಲ್ಲರ್ ಮೂಲತಃ ಹುಡುಕುತ್ತಿದ್ದ ಸೀತಾಳೆ ಸಿಡುಬಿನ ವೈರಸ್ 1950ರ ದಶಕದಲ್ಲಿ ಅವರ ಶೀಸೆಗಳಲ್ಲಿ ಕೊನೆಗೂ ಬೆಳೆಯಿತು. ಅಮೆರಿಕದಲ್ಲಿ ಅದರ ಲಸಿಕೆಗೆ ಅನುಮತಿ ದೊರೆತದ್ದು 1995ರಲ್ಲಿ.