ಟೂ ವೇ ಸ್ವಿಚ್: ಒಂದೇ ಉಪಕರಣಕ್ಕೆ ಎರಡು ಲೆಕ್ಕ

ಮಹಡಿ ಮೆಟ್ಟಿಲಿನ ಕೆಳಗೊಂದು, ಮೇಲೊಂದು ಸ್ವಿಚ್ ಇದ್ದು, ಯಾವುದನ್ನು ಒತ್ತಿದರೂ ಅದೇ ದೀಪ ಹತ್ತುವ ಅಥವಾ ಆರುವ ಏರ್ಪಾಟಿಗೆ ನಮ್ಮ ಎಲೆಕ್ಟ್ರಿಷಿಯನ್ನರು ‘ಟೂ ವೇ’ ಎನ್ನುತ್ತಾರೆ. ಐಟಿಐ ಪಾಠದಲ್ಲಿ ಇದು ‘ಸ್ಟೇರ್‌ಕೇಸ್ ವೈರಿಂಗ್’. ಬ್ರಿಟನ್ನಿನಲ್ಲೂ ಈ ಸ್ವಿಚ್ ಟೂ ವೇ ಆಗಿಯೇ ಇದೆ. ಆದರೆ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿನ ಅಂಗಡಿಯಲ್ಲಿ ಇದನ್ನೇ ‘ತ್ರೀ ವೇ’ ಎಂದು ಕೇಳಬೇಕಾಗುತ್ತದೆ.

ಈ ಸ್ವಿಚ್ಚಿಗೆ ಮೂರು ಟರ್ಮಿನಲ್‌ಗಳಿರುತ್ತವೆ. ಅವುಗಳಲ್ಲಿ ಒಂದು ‘ಕಾಮನ್’. ಒಳಗಿನ ಸನ್ನೆಯು (ಲಿವರ್) ಅದನ್ನು ಉಳಿದೆರಡರಲ್ಲಿ ಒಂದಕ್ಕೆ ಜೋಡಿಸುತ್ತದೆ. ವಿದ್ಯುತ್ತಿಗೆ ತೆರೆದಿರುವ ದಾರಿಗಳನ್ನು ಎಣಿಸಿದವರಿಗೆ ಅದು ಎರಡಾಯಿತು, ತಂತಿ ಬಿಗಿಯುವ ಟರ್ಮಿನಲ್‌ಗಳನ್ನು ಎಣಿಸಿದವರಿಗೆ ಮೂರಾಯಿತು. ಮೂರನೆಯ ಕಡೆಯಿಂದಲೂ ದೀಪ ಹತ್ತಬೇಕೆಂದರೆ ನಡುವೆ ಸೇರಿಸುವ ನಾಲ್ಕು ಟರ್ಮಿನಲ್‌ಗಳ ಸ್ವಿಚ್ಚನ್ನು ನಾವು ‘ಇಂಟರ್‌ಮೀಡಿಯೆಟ್’ ಎಂದೂ, ಅಮೆರಿಕನ್ನರು ‘ಫೋರ್ ವೇ’ ಎಂದೂ ಕರೆಯುವುದು ಇದೇ ಲೆಕ್ಕದ ಮುಂದುವರಿಕೆ.

ಜೋಡಣೆಯ ಮೂಲರೂಪ ಸರಳವಾಗಿದೆ. ವಿದ್ಯುತ್ತನ್ನು ತರುವ ಫೇಸ್ ತಂತಿ ಮೊದಲ ಸ್ವಿಚ್ಚಿನ ಕಾಮನ್‌ಗೆ ಬರುತ್ತದೆ, ಎರಡನೆಯ ಸ್ವಿಚ್ಚಿನ ಕಾಮನ್‌ನಿಂದ ದೀಪಕ್ಕೆ ಹೋಗುತ್ತದೆ, ವಿದ್ಯುತ್ತನ್ನು ಮರಳಿ ಒಯ್ಯುವ ನ್ಯೂಟ್ರಲ್ ಯಾವ ಸ್ವಿಚ್ಚನ್ನೂ ಮುಟ್ಟದೆ ನೇರವಾಗಿ ದೀಪವನ್ನು ಸೇರುತ್ತದೆ. ಉಳಿದ ಟರ್ಮಿನಲ್‌ಗಳನ್ನು ಸ್ವಿಚ್ಚಿನಿಂದ ಸ್ವಿಚ್ಚಿಗೆ ಎರಡು ತಂತಿಗಳು ಕೂಡಿಸುತ್ತವೆ. ಎರಡೂ ಸನ್ನೆಗಳು ಒಂದೇ ತಂತಿಯ ಮೇಲೆ ನಿಂತಾಗ ದೀಪ ಹತ್ತುತ್ತದೆ, ಬೇರೆಬೇರೆ ತಂತಿಯ ಮೇಲೆ ನಿಂತಾಗ ಆರುತ್ತದೆ. ಆದ್ದರಿಂದ ಈ ಸ್ವಿಚ್ಚಿಗೆ ಆನ್, ಆಫ್ ಎಂಬ ಸ್ಥಿರವಾದ ದಿಕ್ಕುಗಳೇ ಇಲ್ಲ. ದೀಪ ಆರಿರುವಾಗಲೂ ಆ ಎರಡರಲ್ಲಿ ಒಂದು ತಂತಿಯಲ್ಲಿ ಫೇಸ್ ಇದ್ದೇ ಇರುತ್ತದೆ ಎಂಬುದನ್ನು ಮರೆಯಬಾರದು.

ಕಸುಬಿನವರ ಆಡುಮಾತು ಬೆಳೆದದ್ದು ಈ ಜೋಡಿ ತಂತಿಗಳ ಸುತ್ತ. ಅಮೆರಿಕದಲ್ಲಿ ಅವು ‘ಟ್ರಾವೆಲರ್’, ಎಂದರೆ ಸ್ವಿಚ್ಚಿನಿಂದ ಸ್ವಿಚ್ಚಿಗೆ ಪಯಣಿಸುವವು. ಬ್ರಿಟನ್ನಿನಲ್ಲಿ ‘ಸ್ಟ್ರ್ಯಾಪರ್’, ಎಂದರೆ ಪಟ್ಟಿಯಂತೆ ಎರಡನ್ನೂ ಬಿಗಿಯುವವು. ಸ್ವಿಚ್ಚಿನಿಂದ ದೀಪಕ್ಕೆ ಹೋಗುವ ತಂತಿಯನ್ನು ಹಿಂದಿ ಆಡುವ ಕೆಲಸಗಾರರು ‘ಹಾಫ್’ ಎನ್ನುತ್ತಾರೆ. ಅದು ಸ್ವಿಚ್ಚನ್ನು ಅವಲಂಬಿಸಿ ಒಮ್ಮೆ ಫೇಸ್ ಆಗಿ, ಒಮ್ಮೆ ಆಗದೆ ಇರುವ ತಂತಿಯಾದ್ದರಿಂದ, ನನ್ನ ಮಟ್ಟಿಗೆ ಇವೆಲ್ಲವುಗಳಲ್ಲಿ ಅತ್ಯಂತ ಅರ್ಥವತ್ತಾದ ಹೆಸರು ಅದೇ.

ಹಳೆಯ ಸ್ವಿಚ್ ಬದಲಿಸುವಾಗ ಆಗುವ ತಪ್ಪು ಬಹುಮಟ್ಟಿಗೆ ಒಂದೇ: ಕಾಮನ್ ತಂತಿಯನ್ನು ಜೋಡಿ ತಂತಿಯೊಂದರೊಡನೆ ಅದಲುಬದಲು ಮಾಡುವುದು. ಹಾಗಾದಾಗ ಒಂದು ಸ್ವಿಚ್ ನಿರ್ದಿಷ್ಟ ಸ್ಥಾನದಲ್ಲಿದ್ದರೆ ಮಾತ್ರ ಇನ್ನೊಂದು ಕೆಲಸ ಮಾಡುತ್ತದೆ. ಅಮೆರಿಕದ ಸ್ವಿಚ್ಚಿನಲ್ಲಿ ಕಾಮನ್ ತಿರುಪು ಉಳಿದವುಗಳಿಗಿಂತ ಕಪ್ಪಗಿರುತ್ತದೆ. ನಮ್ಮ ಸಾಮಾನ್ಯ ಸ್ವಿಚ್ಚುಗಳಲ್ಲಿ ಅದು ಹೆಚ್ಚಾಗಿ ನಡುವಿನದು. ಬಿಚ್ಚುವ ಮೊದಲೇ ಆ ತಂತಿಗೆ ಟೇಪು ಸುತ್ತಿ ಗುರುತಿಡಬೇಕು.

ಇನ್ನೆರಡು ಹೆಸರುಗಳು ಅಪಾಯದ ಗುರುತುಗಳು. ಮೊದಲನೆಯದು ‘ಕಾರ್ಟರ್ ಪದ್ಧತಿ’. ಇದರಲ್ಲಿ ಪ್ರತಿ ಸ್ವಿಚ್ಚಿಗೂ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕೊಟ್ಟು, ದೀಪವನ್ನು ಎರಡು ಕಾಮನ್‌ಗಳ ನಡುವೆ ಇಡುತ್ತಿದ್ದರು. ಎರಡೂ ಕಡೆ ಫೇಸ್ ಬಂದಾಗ ದೀಪ ಆರುತ್ತಿತ್ತು, ಹೋಲ್ಡರ್ ಮಾತ್ರ ಪೂರ್ತಿ ಫೇಸ್‌ನಲ್ಲೇ ಇರುತ್ತಿತ್ತು. ಅಮೆರಿಕದ ವಿದ್ಯುತ್ ಸಂಹಿತೆ ಇದನ್ನು 1923ರಲ್ಲಿ ನಿಷೇಧಿಸಿತು. ಎರಡನೆಯದು ಬ್ರಿಟನ್ನಿನವರು ‘ಎರವಲು ನ್ಯೂಟ್ರಲ್’ ಎಂಬರ್ಥದ ಮಾತಿನಿಂದ ಕರೆಯುವ ದೋಷ. ತಂತಿ ಉಳಿಸಲೆಂದು ಮೆಟ್ಟಿಲ ದೀಪಕ್ಕೆ ಕೆಳ ಅಂತಸ್ತಿನಿಂದ ಫೇಸ್, ಮೇಲಿನದರಿಂದ ನ್ಯೂಟ್ರಲ್ ತೆಗೆದುಕೊಂಡರೆ, ಎರಡೂ ಸರ್ಕ್ಯೂಟುಗಳಿಗೆ ಬೇರೆಬೇರೆ ಆರ್‌ಸಿಸಿಬಿ (ಹೋದ ವಿದ್ಯುತ್ತು ಅದೇ ಸರ್ಕ್ಯೂಟಿನಲ್ಲಿ ಮರಳದಿದ್ದರೆ ಸರಬರಾಜನ್ನು ಕಡಿಯುವ ಸಾಧನ) ಇರುವ ಮನೆಯಲ್ಲಿ ದೀಪ ಹಾಕಿದೊಡನೆ ಟ್ರಿಪ್ ಆಗುತ್ತದೆ. ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ದೋಷ ಕಾಣಿಸಿಕೊಳ್ಳುವುದೇ ಇಲ್ಲ. ಮೇಲಿನ ಅಂತಸ್ತಿನ ಎಂಸಿಬಿಯನ್ನು (ಆ ಸರ್ಕ್ಯೂಟಿನ ಸುರಕ್ಷಾ ಸ್ವಿಚ್ಚನ್ನು) ಇಳಿಸಿ ಅಲ್ಲಿನ ನ್ಯೂಟ್ರಲ್ ಬಿಚ್ಚಿದವನಿಗೆ, ಕೆಳಗಿನ ಫೇಸ್ ಆ ದೀಪದ ಮೂಲಕ ಹರಿದು ಬಂದು ಶಾಕ್ ಹೊಡೆಯುತ್ತದೆ. ಆದ್ದರಿಂದ ಮೆಟ್ಟಿಲ ದೀಪದ ಕೆಲಸಕ್ಕೆ ಒಂದು ಎಂಸಿಬಿ ಇಳಿಸಿದರೆ ಸಾಲದು, ಮೇನ್ ಸ್ವಿಚ್ಚನ್ನೇ ಆರಿಸಬೇಕು.